ಕೀಲಿ ತೆಗೆದ ಮೇಲೂ ಹರಿಯುತ್ತಿದ್ದ 23 ಮಿಲಿಆಂಪಿಯರ್: ಸಿಂಧನೂರಿನ ಬೈಕೊಂದಕ್ಕೆ ಜಿಪಿಎಸ್ ಕೂಡಿಸಿದ ಪ್ರಕರಣ

ಸಿಂಧನೂರು ತಾಲ್ಲೂಕಿನಲ್ಲಿ ಭತ್ತದ ಬೀಜೋತ್ಪಾದನೆಯ ತಾಕುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿರುವ ನನ್ನ ಸೋದರಳಿಯ ಒಂದು ಡಿಸೆಂಬರಿನಲ್ಲಿ ತನ್ನ ಬೈಕಿಗೆ ಜಿಪಿಎಸ್ ಯಂತ್ರವೊಂದನ್ನು ಕೂಡಿಸಿಕೊಂಡ. ಏಪ್ರಿಲ್ ಮುಗಿಯುವುದರೊಳಗೆ ಆ ಗಾಡಿ ಎರಡು ಸಲ ಚಾಲೂ ಆಗದೆ ನಿಂತಿತು, ಇನ್ನೂ ಬಾಳಬಹುದಾಗಿದ್ದ ಬ್ಯಾಟರಿಯೊಂದು ಗುಜರಿಗೆ ಹೋಯಿತು, ಕಾಲುವೆ ದಂಡೆಯ ಮೇಲೆ ಒಮ್ಮೆ ಅವನು ಬೀಳುವುದರಲ್ಲಿದ್ದ. ಯಂತ್ರವೂ ಬೈಕೂ ಎರಡೂ ನೆಟ್ಟಗಿದ್ದು, ಅವುಗಳ ನಡುವೆ ಎಳೆದಿದ್ದ ತಂತಿಯೇ ಈ ಎಲ್ಲ ತಾಪತ್ರಯಕ್ಕೂ ಕಾರಣವಾಗಿತ್ತು. ಐಟಿಐ ಒಂದರಲ್ಲಿ ಎಲೆಕ್ಟ್ರೀಷಿಯನ್ ವಿಭಾಗಕ್ಕೆ ಪಾಠ ಹೇಳಿ ನಿವೃತ್ತನಾದ ನಾನು, ಸಿಂಧನೂರಿನಲ್ಲಿಯೇ ಗಾಡಿಗಳ ವೈರಿಂಗ್ ಕೆಲಸ ಮಾಡುವ ಉಸ್ತಾದರೊಬ್ಬರ ಜೊತೆಗೂಡಿ ಆ ದೋಷವನ್ನು ಹುಡುಕಿ ಸರಿಪಡಿಸಿದ ಬಗೆಯನ್ನು, ನಾನು ಎಡವಿದ ಕಡೆಗಳನ್ನೂ ಬಿಡದೆ, ಇಲ್ಲಿ ಬರೆದಿಟ್ಟಿದ್ದೇನೆ.

ಕೈಯಲ್ಲಿ ಫೋನಿರುವಾಗ ಬೇರೆ ಯಂತ್ರದ ಗರಜು ಏನೆಂದು ಮೊದಲು ನಾನೂ ಕೇಳಿದ್ದೆ. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಲ್ಲಿ ಸುಮಾರು 227 ಕಿ.ಮೀ. ಹರಿಯುತ್ತದೆ, ಅದರಿಂದ ಕವಲೊಡೆದ ವಿತರಣಾ ಕಾಲುವೆಗಳು, ಉಪಕಾಲುವೆಗಳು ಗಂಗಾವತಿಯಿಂದ ಕಾರಟಗಿ, ಸಿಂಧನೂರು, ಮಾನ್ವಿಯ ಕಡೆಗೆ ಹೆಣೆದುಕೊಂಡಿದ್ದು, ಅವುಗಳ ದಂಡೆಗಳೇ ಗದ್ದೆಗಳಿಗೆ ದಾರಿ. ಇಲ್ಲಿ ಯಾರೂ ಸರ್ವೆ ನಂಬರು ಹೇಳುವುದಿಲ್ಲ. ಇಂತಿಷ್ಟನೇ ಡಿಸ್ಟ್ರಿಬ್ಯೂಟರಿ, ಅದರಲ್ಲಿ ಇಂತಿಷ್ಟನೇ ತೂಬು, ಅದರ ಕೆಳಗಿನ ಕ್ಯಾಂಪ್ (ವಲಸೆ ಬಂದ ರೈತರ ಪುಟ್ಟ ಊರು) ಎಂದು ವಿಳಾಸ ಹೇಳುತ್ತಾರೆ, ಮತ್ತು ಕ್ಯಾಂಪುಗಳ ಹೆಸರು ಒಂದರಂತೆ ಇನ್ನೊಂದು ಇರುವುದರಿಂದ ಹೊಸಬನು ದಾರಿ ತಪ್ಪುವುದು ನಿಶ್ಚಿತ. ಪ್ರತಿ ತಾಕಿನ ಬದುವಿನ ಮೂಲೆಯಲ್ಲಿ ನಿಂತು ಸ್ಥಳವನ್ನು ದಾಖಲಿಸುವುದು ಅಳಿಯನ ಕೆಲಸ. ದಂಡೆಗಳ ಮೇಲೆ ಬಹಳ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಜಿಪಿಎಸ್ ಯಂತ್ರಕ್ಕೆ ಆ ಹಂಗಿಲ್ಲ: ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ಸಾಕು, ಅದು ಜಾಗವನ್ನು ಲೆಕ್ಕ ಹಾಕುತ್ತದೆ. ನಕಾಶೆ ಅದರೊಳಗೇ ಇರುತ್ತದೆ. ಇದರ ಮೇಲೆ, ಬೈಕಿನ ಎಂಜಿನ್ನಿನ ಕಂಪನದಿಂದ ಐಫೋನಿನ ಕ್ಯಾಮೆರಾ ಕೆಡಬಹುದೆಂದು ಸ್ವತಃ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದ್ದನ್ನು ಅವನು ನನಗೆ ಓದಿ ಹೇಳಿದ. ತಾಕಿನ ಫೋಟೋ ತೆಗೆಯುವ ಫೋನನ್ನು ಹ್ಯಾಂಡಲ್ಲಿಗೆ ಕಟ್ಟಲಾರೆ ಎಂಬ ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಗಾಡಿ 2020ರ ನಂತರದ ಬಿಎಸ್-6 (ಹೊಗೆ ಮಾಲಿನ್ಯ ನಿಯಮದ) ಮಾದರಿಯದು, 12 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿ, ಕಿಕ್ ಇಲ್ಲ. ಯಂತ್ರ ಐದು ಇಂಚಿನ ಪರದೆಯದು, ಅದರ ಬೆನ್ನಿನ ಲೇಬಲ್ಲಿನಲ್ಲಿ 5 ವೋಲ್ಟ್, 1 ಆಂಪಿಯರ್ ಎಂದಿತ್ತು. ಗಾಡಿಯ ಅಲಂಕಾರದ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಅರ್ಧ ಗಂಟೆಯೊಳಗೆ ಅದನ್ನು ಕೂಡಿಸಿ ಕೊಟ್ಟಿದ್ದರು. ಹ್ಯಾಂಡಲ್ಲಿನ ಎಡಭಾಗಕ್ಕೆ ಕ್ಲ್ಯಾಂಪ್ ಬಿಗಿದು, 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ನೀಲಿ ದೀಪದ ಚಾರ್ಜರನ್ನು ಟ್ಯಾಂಕಿನ ಕೆಳಗೆ ತುರುಕಿ, ಅದರ ಪಾಸಿಟಿವ್ ತಂತಿಯನ್ನು ಇಗ್ನಿಷನ್ ಸ್ವಿಚ್ಚಿಗೆ ಬರುವ ಕೆಂಪು ತಂತಿಗೆ ಸುತ್ತಿ ಟೇಪ್ ಹಚ್ಚಿದ್ದರು. ನೆಗೆಟಿವ್ ತಂತಿಯನ್ನು ಹೆಡ್‌ಲೈಟ್ ಬ್ರಾಕೆಟ್ಟಿನ ಬೋಲ್ಟಿನಡಿ ಸಿಕ್ಕಿಸಿದ್ದರು. ಚಾರ್ಜರಿನಿಂದ ಯಂತ್ರದವರೆಗೆ ಒಂದೂವರೆ ಮೀಟರಿನ ತೆಳ್ಳನೆಯ ಯುಎಸ್‌ಬಿ ಕೇಬಲ್; ಉಳಿದ ಉದ್ದವನ್ನು ಮಡಿಚಿ ಕೇಬಲ್ ಟೈ ಬಿಗಿದಿದ್ದರು. ನೋಡುವುದಕ್ಕೆ ಕೆಲಸ ಚೆಂದವಾಗಿತ್ತು ಎನ್ನುವುದನ್ನು ಒಪ್ಪಲೇಬೇಕು.

ಜನವರಿಯಲ್ಲಿ ಅವನು ಗವಿಮಠದ ಜಾತ್ರೆಗೆಂದು ಬಸ್ಸಿನಲ್ಲಿ ಕೊಪ್ಪಳಕ್ಕೆ ಹೋಗಿ, ನೆಂಟರ ಮನೆಯಲ್ಲಿ ಆರು ದಿನ ಇದ್ದು ಬಂದ. ಬಂದ ಬೆಳಿಗ್ಗೆ ಸ್ಟಾರ್ಟರ್ ಗುಂಡಿ ಒತ್ತಿದರೆ ಟಕ್ ಟಕ್ ಎಂಬ ಸದ್ದಷ್ಟೇ. ಬ್ಯಾಟರಿ ಮೂರು ವರ್ಷದ್ದು, ಅದರ ಆಯುಷ್ಯ ಮುಗಿಯಿತು ಎಂದು ಎಲ್ಲರೂ ಹೇಳಿದರು; ಫೋನಿನಲ್ಲಿ ಕೇಳಿದಾಗ ನಾನೂ ಅದನ್ನೇ ಹೇಳಿದೆ. ಹೊಸ ಬ್ಯಾಟರಿ ಬಂತು. ಫೆಬ್ರವರಿಯ ಕೊನೆಗೆ ಕಂಪನಿಯ ತರಬೇತಿಗೆಂದು ಹೈದರಾಬಾದಿಗೆ ಹೋಗಿ ಏಳು ದಿನದ ಮೇಲೆ ಮರಳಿದಾಗ ಮತ್ತೆ ಅದೇ ಟಕ್ ಟಕ್. “ಮಾಮಾ, ಹೊಸಾ ಬ್ಯಾಟ್ರಿನೂ ಡೌನ್ ಆತು ನೋಡ್ರಿ” ಎಂದು ಅವನು ಫೋನ್ ಮಾಡಿದಾಗ ನನಗೆ ನಾಚಿಕೆಯಾಯಿತು, ಏಕೆಂದರೆ ಕೀಲಿ ತೆಗೆದಾಗ ಬ್ಯಾಟರಿಯಿಂದ ಎಷ್ಟು ವಿದ್ಯುತ್ತು ಹರಿಯುತ್ತಿದೆ ಎಂದು ಅಳೆಯುವುದು ಹುಡುಗರಿಗೆ ನಾನೇ ಕಲಿಸಿದ ಮೊದಲ ಪಾಠಗಳಲ್ಲಿ ಒಂದು.

ಆ ಅಳತೆಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಚ್ಚಿ, ಆ ತುದಿಗೂ ಬಿಚ್ಚಿದ ತಂತಿಗೂ ನಡುವೆ ಮಲ್ಟಿಮೀಟರನ್ನು ಮೊದಲು 10 ಆಂಪಿಯರ್ ಶ್ರೇಣಿಯಲ್ಲಿ, ಬಳಿಕ ಮಿಲಿಆಂಪಿಯರ್ ಶ್ರೇಣಿಯಲ್ಲಿ ಸೇರಿಸಿದೆವು. ಮೀಟರ್ ಹೀಗೆ ಸೇರಿರುವಾಗ ಅಪ್ಪಿತಪ್ಪಿಯೂ ಕೀಲಿ ತಿರುಗಿಸಿ ಸ್ಟಾರ್ಟರ್ ಒತ್ತಬಾರದು. ಒತ್ತಿದರೆ ಮೀಟರಿನ ಫ್ಯೂಸು ಹೋಗುತ್ತದೆ. ಮೀಟರ್ 23 ತೋರಿಸಿತು. ಚಾರ್ಜರಿನ ತಂತಿ ಬಿಚ್ಚಿದಾಗ ಅದು 1ಕ್ಕೆ ಇಳಿಯಿತು, ಆ ಒಂದು ಮಿಲಿಆಂಪಿಯರ್, ಗಾಡಿಯ ಗಡಿಯಾರಕ್ಕೆ ಮತ್ತು ಎಂಜಿನ್ನನ್ನು ನಿಯಂತ್ರಿಸುವ ಗಣಕವಾದ ಇಸಿಯುವಿನ ನೆನಪಿಗೆ ಬೇಕಾದದ್ದು. ಅಂದರೆ ಯಂತ್ರ ಮನೆಯೊಳಗೆ ಕಪಾಟಿನಲ್ಲಿದ್ದಾಗಲೂ ಚಾರ್ಜರು ಮತ್ತು ಅದರ ನೀಲಿ ದೀಪ ಸೇರಿ 22 ಮಿಲಿಆಂಪಿಯರ್ ಕುಡಿಯುತ್ತಿದ್ದವು. ದಿನಕ್ಕೆ 24 ಗಂಟೆಯಂತೆ ಇದು ಅರ್ಧ ಆಂಪಿಯರ್-ಅವರ್‌ಗಿಂತ ತುಸು ಹೆಚ್ಚು. ಆರು ದಿನಕ್ಕೆ 3 ದಾಟುತ್ತದೆ, ಇರುವುದು 5. ಅಂಗಡಿಯವರು ಆರಿಸಿಕೊಂಡ ಕೆಂಪು ತಂತಿ ಸ್ವಿಚ್ಚಿನ ಬ್ಯಾಟರಿ ಕಡೆಯದಾಗಿದ್ದು, ಕೀಲಿಯ ಲೆಕ್ಕವೇ ಅದಕ್ಕಿರಲಿಲ್ಲ. ದಿನವೂ ಎಪ್ಪತ್ತು ಕಿಲೋಮೀಟರ್ ತಿರುಗುವ ಗಾಡಿಯಲ್ಲಿ ಈ ಸೋರಿಕೆ ಗೊತ್ತೇ ಆಗದು, ಎಂಜಿನ್ ಓಡಿದಾಗ ಸಿಗುವ 14 ವೋಲ್ಟಿನ ಚಾರ್ಜಿಂಗ್ ಅದನ್ನು ಮುಚ್ಚಿಬಿಡುತ್ತದೆ. ಜಾತ್ರೆ, ತರಬೇತಿ ಎಂದು ಗಾಡಿ ನಿಂತಾಗಷ್ಟೇ ಅದು ಹೊರಬಿತ್ತು.

ಎರಡನೆಯ ತೊಂದರೆ ಇದಕ್ಕಿಂತ ಹಟಮಾರಿಯಾಗಿತ್ತು. ಇಂಥ ಯಂತ್ರಗಳಿಗೆ ಹೊರಗಿನ ವಿದ್ಯುತ್ತು ತಪ್ಪಿದರೆ, ಗಾಡಿ ನಿಂತಿತೆಂದು ತಿಳಿದು, ಪರದೆಯ ಮೇಲೆ ಸೆಕೆಂಡುಗಳನ್ನು ಹಿಂದಕ್ಕೆ ಎಣಿಸಿ ತಾವಾಗಿ ಆರಿಹೋಗುತ್ತವೆ. ಬೇಡವೆಂದರೆ ಪರದೆ ಮುಟ್ಟಬೇಕು. ಕಾಲುವೆ ದಂಡೆಯ ಕುಳಿಗಳಲ್ಲಿ ಈ ಎಣಿಕೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಒಂದು ಸಂಜೆ, ಎಡಗೈ ಬಿಟ್ಟು ಪರದೆ ಮುಟ್ಟಲು ಹೋದ ಅಳಿಯ, ಭತ್ತದ ಹುಲ್ಲು ತುಂಬಿಕೊಂಡು ಎದುರಿಗೆ ಬಂದ ಟ್ರ್ಯಾಕ್ಟರನ್ನು ತಡವಾಗಿ ಕಂಡು, ನೀರಿನ ಅಂಚಿಗೆ ಒಂದು ಮೊಳ ಇರುವಾಗ ಗಾಡಿ ನಿಲ್ಲಿಸಿದ್ದ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಕಣ್ಣು ಕೆಳಗಿಟ್ಟರೆ ಗಾಡಿ 22 ಮೀಟರ್ ಮುಂದೆ ಹೋಗಿರುತ್ತದೆ. ದಾರಿ ನೋಡುವುದಕ್ಕೆ ಮಾತ್ರ, ಅದೂ ಚಾಲಕನ ಗಮನ ಕದಡದಂತೆ, ಕೈಯಲ್ಲಿ ಹಿಡಿಯುವ ಸಾಧನವನ್ನು ಬಳಸಬಹುದೆಂದು ಕೇಂದ್ರ ಮೋಟಾರು ವಾಹನ ನಿಯಮಕ್ಕೆ 2020ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ನಿಮಿಷಕ್ಕೊಮ್ಮೆ ಮುಟ್ಟಿಸಿಕೊಳ್ಳುವ ಯಂತ್ರ ಹ್ಯಾಂಡಲ್ಲಿನ ಮೇಲೆ ಭದ್ರವಾಗಿ ಕೂತಿದ್ದರೂ ಆ ಮಾತಿನ ಉದ್ದೇಶಕ್ಕೆ ಎರವೇ.

ಸ್ಟಾರ್ಟರ್ ಒತ್ತಿದಾಗ ವೋಲ್ಟೇಜ್ ಕುಸಿಯುವುದರಿಂದ ಹೀಗಾಗುತ್ತದೆ ಎಂಬುದು ಅಳಿಯನ ಊಹೆ. ಅಳೆದಾಗ ಅದು 9.6 ವೋಲ್ಟಿಗೆ ಇಳಿದದ್ದು ನಿಜ, ಆದರೆ ಚಾರ್ಜರಿನಿಂದ ಬರುವ 5 ವೋಲ್ಟ್ ಅಲುಗಲಿಲ್ಲ. ನಾನು ಚಾರ್ಜರಿನ ಒಳಬದಿಗೆ ಮೀಟರ್ ಹಚ್ಚಿ ಗಾಡಿಯನ್ನು ಕುಲುಕಾಡಿಸಿದೆ. ಮೀಟರ್ 12.4ರಲ್ಲಿ ಕಲ್ಲಿನಂತೆ ಕೂತಿತ್ತು. ಅರ್ಧ ದಿನ ಹೀಗೆ ಕಳೆದು, ತಂತಿಯಲ್ಲಿ ದೋಷವಿಲ್ಲ, ಯಂತ್ರವನ್ನೇ ರಿಪೇರಿಗೆ ಕಳಿಸೋಣ ಎಂದು ತೀರ್ಮಾನಿಸುವುದರಲ್ಲಿದ್ದೆ. ಅಷ್ಟರಲ್ಲಿ ಚಹಾ ಮುಗಿಸಿ ಬಂದ ಉಸ್ತಾದರು ತಮ್ಮ ಟೆಸ್ಟ್ ಲ್ಯಾಂಪ್ ತಂದರು: ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ತಂತಿ ಬೆಸೆದು, ತುದಿಗೆ ಮೊಸಳೆ ಕ್ಲಿಪ್ ಸಿಕ್ಕಿಸಿದ್ದು, ಗಾಜಿನ ಮೇಲೆ ಗ್ರೀಸಿನ ಬೆರಳಚ್ಚು. ಅದನ್ನು ನನ್ನ ಮೀಟರಿದ್ದ ಜಾಗದಲ್ಲೇ ಹಚ್ಚಿ, ಹೆಡ್‌ಲೈಟ್ ಬ್ರಾಕೆಟ್ಟಿಗೆ ಅಂಗೈಯಿಂದ ಎರಡು ಏಟು ಕೊಟ್ಟರು. ಬಲ್ಬು ಕಣ್ಣು ಮಿಟುಕಿಸಿತು. “ಸರ, ನಿಮ್ಮ ಮೀಟರ್ ಬಾಳ ಶ್ಯಾಣೆ ಐತ್ರಿ, ಆದ್ರ ಮಿಟುಕ್ಸೂದು ಅದಕ್ಕ ಕಾಣೂದಿಲ್ರಿ” ಎಂದರು.

ಅವರ ಮಾತಿನಲ್ಲಿ ಪೂರ್ತಿ ಶಾಸ್ತ್ರವಿದೆ. ಸಾಮಾನ್ಯ ಡಿಜಿಟಲ್ ಮೀಟರು ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಹೊಸ ಅಂಕೆ ತೋರಿಸುತ್ತದೆ. ಅದಕ್ಕಿಂತ ಬೇಗ ಬಂದು ಹೋಗುವ ಕಡಿತ ಅದರ ಎರಡು ಅಂಕೆಗಳ ನಡುವೆ ಕಳೆದುಹೋಗುತ್ತದೆ. ಜೊತೆಗೆ ಮೀಟರ್ ಬಹುತೇಕ ಏನನ್ನೂ ಎಳೆಯದಿರುವುದರಿಂದ, ಕೂದಲೆಳೆಯಷ್ಟು ತಾಗಿಕೊಂಡಿರುವ ಸಂಪರ್ಕವೂ ಅದಕ್ಕೆ ಚೆನ್ನಾಗಿಯೇ ಕಾಣುತ್ತದೆ. ಬಲ್ಬು ಮುಕ್ಕಾಲು ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ, ಹಾಗಾಗಿ ದುರ್ಬಲ ಕೂಡಿಕೆ ಅದರೆದುರು ಬಯಲಾಗುತ್ತದೆ. ಬೋಲ್ಟ್ ಬಿಚ್ಚಿದಾಗ ಕಂಡದ್ದು ಇಷ್ಟು: ಬ್ರಾಕೆಟ್ಟಿನ ಕಪ್ಪು ಬಣ್ಣದ ಮೇಲೆಯೇ ಬರಿಯ ತಂತಿಯನ್ನು ಸುತ್ತಿ ಬಿಗಿದಿದ್ದರು, ತಂತಿಯ ತುದಿಗೆ ಒತ್ತುವ ಲೋಹದ ಉಂಗುರ, ಅಂದರೆ ಥಿಂಬಲ್, ಇರಲಿಲ್ಲ, ಬಣ್ಣ ಕೆರೆದಿರಲಿಲ್ಲ, ಏಳೆಂಟು ಎಳೆಗಳಲ್ಲಿ ಮೂರು ಮುರಿದಿದ್ದವು. ಪಾಸಿಟಿವ್ ಕೂಡಿಕೆಯ ಟೇಪು ನಮ್ಮ ಕಡೆಯ ಬಿಸಿಲಿಗೆ ಅಂಟು ಬಿಟ್ಟು ಬೆಲ್ಲದ ಪಾಕದಂತೆ ಜಾರಿ, ತಾಮ್ರ ಹೊರಗೆ ಇಣುಕುತ್ತಿತ್ತು. ಆ ತಾಮ್ರ ಚಾಸಿಗೆ ತಾಗಿದ್ದರೆ ಗಾಡಿಯ ಮುಖ್ಯ ಫ್ಯೂಸೇ ಹೋಗಿ, ಕಾಲುವೆ ದಂಡೆಯ ನಡುದಾರಿಯಲ್ಲಿ ಎಂಜಿನ್ ನಿಲ್ಲುತ್ತಿತ್ತು.

ಮೂರನೆಯದು ಇವೆರಡರ ಮರೆಯಲ್ಲಿತ್ತು. ಕೇಬಲ್ ಚುಚ್ಚಿಕೊಂಡೇ ದಿನವಿಡೀ ಓಡಿದರೂ ಸಂಜೆಗೆ ಯಂತ್ರದ ಒಳಬ್ಯಾಟರಿ ಬೆಳಿಗ್ಗೆಗಿಂತ ಕಡಿಮೆಯಾಗಿರುತ್ತಿತ್ತು. ಗಿಡ್ಡ ಕೇಬಲ್ಲೊಂದರ ಹೊದಿಕೆ ಸೀಳಿ, ಯಂತ್ರದ ಬಾಯಲ್ಲಿಯೇ, ಯಂತ್ರ ಓಡುತ್ತಿರುವಾಗಲೇ ಅಳೆಯುವ ಏರ್ಪಾಡು ಮಾಡಿಕೊಂಡೆ. ಚಾರ್ಜರಿನ ಬಾಯಲ್ಲಿ 5.08 ವೋಲ್ಟ್, ಯಂತ್ರದ ಬಾಯಲ್ಲಿ 4.42. ಇದಕ್ಕೆ ಲೆಕ್ಕವೂ ಸರಿಹೊಂದುತ್ತದೆ: ಅಗ್ಗದ ಯುಎಸ್‌ಬಿ ಕೇಬಲ್ಲಿನ ತಾಮ್ರ ಸುಮಾರು 0.08 ಚದರ ಮಿ.ಮೀ., ಹೋಗಿ ಬರುವ ದಾರಿ ಸೇರಿ ಮೂರು ಮೀಟರ್, ರೋಧ 0.66 ಓಮ್, 1 ಆಂಪಿಯರ್ ಹರಿದರೆ 0.66 ವೋಲ್ಟ್ ದಾರಿಯಲ್ಲೇ ಖರ್ಚು. ಅದೇ ಶಕ್ತಿಯನ್ನು 12 ವೋಲ್ಟಿನಲ್ಲಿ 0.75 ಚದರ ಮಿ.ಮೀ. ತಂತಿಯ ಮೂಲಕ ಒಯ್ದರೆ ಅರ್ಧ ಆಂಪಿಯರ್ ಸಾಕು, ಖರ್ಚು ಒಂದು ವೋಲ್ಟಿನ ನೂರರಲ್ಲಿ ಮೂರು ಪಾಲು. ಹೀಗಾಗಿ 12 ವೋಲ್ಟನ್ನು ಹ್ಯಾಂಡಲ್ಲಿನ ತನಕ ತಂದು, ಅಲ್ಲಿ 5ಕ್ಕೆ ಇಳಿಸಿ, ಒಂದು ಗೇಣಿನ ಕೇಬಲ್ಲಿನಲ್ಲಿ ಯಂತ್ರಕ್ಕೆ ಕೊಡುವುದೆಂದು ನಿರ್ಧರಿಸಿದೆವು. ಚಾರ್ಜರನ್ನು ದೂರವಿಟ್ಟು ಕೇಬಲ್ ಉದ್ದ ಮಾಡುವ ರೂಢಿ ಎಲ್ಲಿಂದ ಬಂತೋ ತಿಳಿಯದು. ಕೂಡಿಸುವವರಿಗೆ ಅದು ಸುಲಭ ಎಂಬುದನ್ನು ಬಿಟ್ಟರೆ ಅದಕ್ಕೆ ಸಮರ್ಥನೆಯಿಲ್ಲ.

ಹೊಸ ಜೋಡಣೆಗೆ ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಚ್ಚಿ ಆರಿಸುವ ಸ್ವಿಚ್ಚು) ಬೇಕೇ ಬೇಡವೇ ಎಂಬುದರ ಮೇಲೆ ನನಗೂ ಉಸ್ತಾದರಿಗೂ ಒಂದು ತಾಸು ಜಗ್ಗಾಟ ನಡೆಯಿತು. ರಿಲೇಯ ಸುರುಳಿಯೇ ಸುಮಾರು 150 ಮಿಲಿಆಂಪಿಯರ್ ತಿನ್ನುತ್ತದೆ, ಆರು ವಾಟಿನ ಯಂತ್ರಕ್ಕೆ ಎರಡು ವಾಟಿನ ಕಾವಲುಗಾರ ಏಕೆ ಎಂಬುದು ನನ್ನ ವಾದ. ಕೀಲಿ ತಿರುಗಿದಾಗ ಮಾತ್ರ ಜೀವ ಬರುವ ಹಾರ್ನಿನ ತಂತಿಗೆ ಸಣ್ಣ ಫ್ಯೂಸಿಟ್ಟು ಸೇರಿಸಿದರಾಯಿತು ಎಂದೆ. ಹಾರ್ನ್ ಒತ್ತಿದಾಗ ಆ ತಂತಿಯಲ್ಲಿ ವೋಲ್ಟೇಜ್ ಜಗ್ಗುತ್ತದೆ, ನಾಳೆ ಹುಡುಗ ಫೋನ್ ಚಾರ್ಜರೂ ಬೇಕೆನ್ನುತ್ತಾನೆ ಎಂದು ಅವರು. ಅಳಿಯ ಆಗಲೇ ಬೇಕೆಂದ. ಎರಡೂ ಸೇರಿದರೆ ಒಂದೂವರೆ ಆಂಪಿಯರ್ ಆಗುವುದರಿಂದ ನಾನು ಸೋತೆ, ಸೋತದ್ದು ಒಳ್ಳೆಯದೇ ಆಯಿತು. ಬಿಎಸ್-6 ಗಾಡಿಯ ವೈರಿಂಗ್ ಕಿಟ್ಟಿನಲ್ಲಿ, ಅಂದರೆ ಕಾರ್ಖಾನೆಯಿಂದಲೇ ಬರುವ ತಂತಿಗಳ ಕಟ್ಟಿನಲ್ಲಿ, ಇಸಿಯು, ಸೆನ್ಸರುಗಳ ತಂತಿಗಳು ಒಂದರ ಪಕ್ಕ ಒಂದು ಹೋಗುತ್ತವೆ, ಅಲ್ಲಿ ಕೈಯಾಡಿಸಿದಷ್ಟೂ ಅಪಾಯ; ರಿಲೇ ಇಟ್ಟರೆ ಮೂಲ ತಂತಿಗಳಲ್ಲಿ ಒಂದನ್ನು ಮಾತ್ರ ಮುಟ್ಟಿದರೆ ಮುಗಿಯಿತು.

ಬ್ಯಾಟರಿಯ ಪಾಸಿಟಿವ್ ತುದಿಗೆ ಥಿಂಬಲ್ ಒತ್ತಿದ 1 ಚದರ ಮಿ.ಮೀ. ತಂತಿ, ಅಲ್ಲಿಂದ ಒಂದು ಗೇಣಿನೊಳಗೆ 3 ಆಂಪಿಯರ್ ಫ್ಯೂಸು, ಅಲ್ಲಿಂದ ರಿಲೇಯಲ್ಲಿ 30 ಎಂದು ಗುರುತಿರುವ ಕಾಲಿಗೆ. ಫ್ಯೂಸು ಬ್ಯಾಟರಿಗೆ ಹತ್ತಿರವಿರಲೇಬೇಕು, ಏಕೆಂದರೆ ಅದು ಕಾಯುವುದು ತನ್ನ ಮುಂದಿನ ತಂತಿಯನ್ನು. ಹ್ಯಾಂಡಲ್ಲಿನ ಬಳಿ ಫ್ಯೂಸಿಟ್ಟರೆ ಟ್ಯಾಂಕಿನಡಿಯ ತಂತಿ ಉಜ್ಜಿ ಚಾಸಿಗೆ ತಾಗಿದಾಗ ಅದು ನೋಡುತ್ತ ಕೂರುತ್ತದೆ. 87ನೇ ಕಾಲಿನಿಂದ 0.75ರ ತಂತಿ ಮುಂದಕ್ಕೆ. 86ಕ್ಕೆ ಸೀಟಿನಡಿಯ ಹಿಂಬದಿ ದೀಪದ ತಂತಿ, ಕೀಲಿ ತಿರುಗಿಸಿದಾಗ ಮಾತ್ರ ಅದರಲ್ಲಿ ವಿದ್ಯುತ್ತು ಇರುತ್ತದೆಂದು ಟೆಸ್ಟ್ ಲ್ಯಾಂಪಿನಿಂದಲೇ ಖಚಿತಪಡಿಸಿಕೊಂಡು. 85 ನೆಗೆಟಿವ್‌ಗೆ. ಯಂತ್ರದ ನೆಗೆಟಿವ್ ತಂತಿಯನ್ನು ಈ ಸಲ ಯಾವ ಬೋಲ್ಟಿಗೂ ಒಪ್ಪಿಸದೆ ನೇರವಾಗಿ ಬ್ಯಾಟರಿಗೇ ತಂದೆವು. ಪ್ರತಿ ಕೂಡಿಕೆಯನ್ನು ಬೆಸೆದು, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ನಳಿಕೆ ಹಾಕಿದೆವು. ಟೇಪಿನ ಸುರುಳಿಯನ್ನು ಉಸ್ತಾದರು ಹೊರಗೆ ತೆಗೆಯಲೇ ಇಲ್ಲ.

ತಂತಿ ಹಾಯಿಸುವಾಗ ಎಲ್ಲರೂ ಅವಸರ ಮಾಡುವ ಜಾಗವೆಂದರೆ ಹ್ಯಾಂಡಲ್ಲಿನ ಕುತ್ತಿಗೆ. ಅಂಗಡಿಯವರ ಕೇಬಲ್ ಅಲ್ಲಿ ಬಿಗಿಯಾಗಿದ್ದು, ಹ್ಯಾಂಡಲನ್ನು ಪೂರ್ತಿ ಬಲಕ್ಕೆ ತಿರುಗಿಸಿದಾಗ ಯಂತ್ರದ ಸಾಕೆಟ್ಟನ್ನೇ ಜಗ್ಗುತ್ತಿತ್ತು. ನಾವು ಮೂಲ ಕಿಟ್ಟಿನ ಜಾಡನ್ನೇ ಹಿಡಿದು ಟ್ಯಾಂಕಿನಡಿಯಿಂದ ಬಂದು, ಕುತ್ತಿಗೆಯ ಬಳಿ ಒಂದು ಸಡಿಲ ಬಾಗು ಬಿಟ್ಟು, ಎಡಕ್ಕೆ ಬಲಕ್ಕೆ ತುದಿಯ ತನಕ ತಿರುಗಿಸಿ, ಕ್ಲಚ್ ಮತ್ತು ಬ್ರೇಕಿನ ಕೇಬಲ್ಲುಗಳಿಗೆ ತಾಗದೆಂದು ನೋಡಿದ ಮೇಲೆಯೇ ಟೈ ಬಿಗಿದೆವು. ಎಂಜಿನ್ ಚಾಲೂ ಇಟ್ಟೇ ಇನ್ನೊಮ್ಮೆ ತಿರುಗಿಸಿದೆವು. ಆಗ ಎಂಜಿನ್ನಿನ ವೇಗ ಏರಿದರೆ ಆಕ್ಸಿಲರೇಟರ್ ಕೇಬಲ್ ಎಲ್ಲೋ ಸಿಕ್ಕಿದೆ ಎಂದರ್ಥ. ಕ್ಲ್ಯಾಂಪನ್ನು ಎಡತುದಿಯಿಂದ ತೆಗೆದು ಹ್ಯಾಂಡಲ್ಲಿನ ನಡುವಿಗೆ, ಸ್ಪೀಡೋಮೀಟರಿನ ತುಸು ಮೇಲಕ್ಕೆ ತಂದೆವು. ತಲೆ ತಿರುಗಿಸದೆ, ಕಣ್ಣು ಇಳಿಸಿದರೆ ಸಾಕು, ಪರದೆ ಕಾಣುತ್ತದೆ. ತುದಿಯಲ್ಲಿದ್ದಾಗ ನಡುಗುತ್ತಿದ್ದಷ್ಟು ಅದು ನಡುವಿನಲ್ಲಿ ನಡುಗುವುದಿಲ್ಲ ಎಂಬುದು ಬಯಸದೇ ಬಂದ ಲಾಭ.

12 ವೋಲ್ಟನ್ನು 5ಕ್ಕೆ ಇಳಿಸುವ ಹೊಸ ಕನ್ವರ್ಟರಿನ ಆಯ್ಕೆಯಲ್ಲಿ ಒಂದು ಪರೀಕ್ಷೆ ಮಾಡಿದ್ದನ್ನು ಹೇಳಬೇಕು. ಹಳೆಯ ಚಾರ್ಜರನ್ನೇ ಹೆಡ್‌ಲೈಟ್ ಡೂಮಿನೊಳಗೆ ಇಡೋಣವೆಂದು ಮೊದಲು ಯಂತ್ರದ ಪಕ್ಕ ಹಿಡಿದು ನೋಡಿದೆವು. ಪರದೆಯಲ್ಲಿ 4 ಮೀಟರ್ ಇದ್ದ ನಿಖರತೆಯ ಅಂಕೆ ಎರಡು ನಿಮಿಷದಲ್ಲಿ 12ಕ್ಕೆ ಏರಿತು. ಚಾರ್ಜರು ಆರಿಸಿದಾಗ ಮತ್ತೆ 4. ಜಿಪಿಎಸ್‌ನ ಸಂಕೇತ 1575.42 ಮೆಗಾಹರ್ಟ್ಜ್‌ನಲ್ಲಿ ಬರುತ್ತದೆ ಮತ್ತು ನೆಲ ಮುಟ್ಟುವ ಹೊತ್ತಿಗೆ ಅತಿ ಕ್ಷೀಣವಾಗಿರುತ್ತದೆ. ವಿದ್ಯುತ್ತಿನ ಗದ್ದಲ ಸೋಸುವ ಭಾಗಗಳನ್ನು ಕೈಬಿಟ್ಟು ಅಗ್ಗವಾಗಿ ಮಾಡಿದ ಕನ್ವರ್ಟರು ಹತ್ತಿರದಲ್ಲಿ ಗದ್ದಲ ಎಬ್ಬಿಸಿದರೆ ಅದು ಮುಳುಗಿಹೋಗುತ್ತದೆ. ಬದುವಿನ ಮೂಲೆ ಗುರುತಿಸುವವನಿಗೆ 12 ಮೀಟರ್ ಎಂದರೆ ಪಕ್ಕದವನ ಗದ್ದೆ. ಲೋಹದ ಕವಚದ, ಒಳಗೆ ರಾಳ ತುಂಬಿದ ಕನ್ವರ್ಟರ್ ತರಿಸಿದೆವು. ಈಗ ಯಂತ್ರದ ಬಾಯಲ್ಲಿ, ಓಡುವಾಗ, 4.96 ವೋಲ್ಟ್ ಇದೆ. ಕೀಲಿ ತೆಗೆದಾಗ ಬ್ಯಾಟರಿಯಿಂದ ಹರಿಯುವುದು ಆ ಹಳೆಯ 1 ಮಿಲಿಆಂಪಿಯರ್ ಮಾತ್ರ.

ಏಪ್ರಿಲ್ ಹತ್ತಿರವಾದಂತೆ ಬಿಸಿಲು 42 ಡಿಗ್ರಿ ಮುಟ್ಟಿತು, ಮಧ್ಯಾಹ್ನ ಯಂತ್ರ ಚಾರ್ಜ್ ಆಗುವುದನ್ನು ನಿಲ್ಲಿಸಿ ಎಚ್ಚರಿಕೆ ಕೊಡತೊಡಗಿತು. ಇದು ತಂತಿಯ ದೋಷವಲ್ಲ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಯ ಮೇಲೆ ಚಾರ್ಜ್ ಮಾಡಬಾರದಾದ್ದರಿಂದ ಯಂತ್ರವೇ ತಡೆಯುತ್ತದೆ, ಕಪ್ಪು ಕವಚ ಬಿಸಿಲಲ್ಲಿ ಆ ಗಡಿಯನ್ನು ಬೇಗ ದಾಟುತ್ತದೆ. ಅಳಿಯ ತನ್ನ ಕಂಪನಿಯ ತಾಕಿನ ಫಲಕಕ್ಕೆ ಬಳಸುವ ಬಿಳಿ ಸನ್‌ಪ್ಯಾಕ್ ಪ್ಲಾಸ್ಟಿಕ್ ಶೀಟಿನ ತುಂಡೊಂದನ್ನು ಮಡಿಚಿ ಯಂತ್ರಕ್ಕೆ ಟೋಪಿ ಮಾಡಿದ. ಅದರ ಒಳಬದಿಯಲ್ಲಿ ತಳಿಯ ಹೆಸರಿನ ಕೊನೆಯ ಎರಡಕ್ಷರ ಈಗಲೂ ಓದಬಹುದು. ಗದ್ದೆಯಲ್ಲಿ ಇಳಿದಾಗ ಯಂತ್ರವನ್ನು ಬಿಚ್ಚಿ ಚೀಲಕ್ಕೆ ಹಾಕುತ್ತಾನೆ, ಟ್ಯಾಂಕಿನ ಮೇಲೆ ಬಿಡುವುದಿಲ್ಲ. ಎಚ್ಚರಿಕೆ ಪೂರ್ತಿ ನಿಂತಿಲ್ಲ, ವಾರಕ್ಕೊಮ್ಮೆ ಬರುತ್ತದೆ.

ಎರೆಮಣ್ಣು ಮೆತ್ತಿದ ಗಾಡಿಯನ್ನು ವಾಟರ್ ಸರ್ವಿಸ್‌ಗೆ ಕೊಡುವಾಗಲೂ ಯಂತ್ರ ಬಿಚ್ಚಿಕೊಂಡು, ಸಾಕೆಟ್ಟಿಗೆ ರಬ್ಬರ್ ಮುಚ್ಚಳ ಹಾಕುವುದಾಗಿದೆ, ಏಕೆಂದರೆ ಐಪಿಎಕ್ಸ್7 ಎಂಬ ನೀರುತಡೆಯ ಗುರುತು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದ ಪರೀಕ್ಷೆಯದು, ಪಂಪಿನ ಒತ್ತಡದ ಧಾರೆಯದಲ್ಲ. ಮೇ ತಿಂಗಳಲ್ಲಿ ಮದುವೆಯೊಂದಕ್ಕೆ ಎಂಟು ದಿನ ಊರಿಗೆ ಹೋಗಿ ಬಂದಾಗ ಗಾಡಿ ಮೊದಲ ಒತ್ತಿಗೇ ಚಾಲೂ ಆಯಿತು. ಉಳಿದಿರುವ ಒಂದೇ ತೊಂದರೆ ಕ್ಲ್ಯಾಂಪಿನ ಗುಂಡು ಕೀಲಿನದು: ದಂಡೆಯ ಮೇಲೆ ಓಡಿ ಓಡಿ ಹದಿನೈದು ದಿನಕ್ಕೊಮ್ಮೆ ಅದರ ತಿರುಪು ಸಡಿಲಾಗಿ ಯಂತ್ರ ತಲೆ ತಗ್ಗಿಸುತ್ತದೆ. ಕೋನ ಬದಲಿಸಲು ಆ ತಿರುಪನ್ನು ಆಗಾಗ ಬಿಚ್ಚಬೇಕಾದ್ದರಿಂದ ಅದಕ್ಕೆ ಅಂಟು ಹಾಕುವಂತಿಲ್ಲ. ಸೀಟಿನಡಿ, ರಿಲೇಯ ಪಕ್ಕದಲ್ಲಿ, ಉಸ್ತಾದರು ಆ ತಿರುಪು ಬಿಗಿಯಲು ಒಂದು ಎಲ್-ಕೀಯನ್ನು ತಂತಿಯಿಂದ ಕಟ್ಟಿಟ್ಟಿದ್ದಾರೆ.